ನಿದ್ರೆಯಿಂದ ಏಳದ ಎಸ್‌ಎಸ್‌ಡಿ: ಒಂದು ಕರ್ನೆಲ್ ತೊಂದರೆಯ ಜಾಡು ಹಿಡಿದ ಬಗೆ

ಲಿನಕ್ಸ್ ಹಾಕಿದ ಲ್ಯಾಪ್‌ಟಾಪ್ ಹ್ಯಾಂಗ್ ಆಗುತ್ತದೆ ಎಂದು ಯಾರಾದರೂ ತಂದುಕೊಟ್ಟರೆ, ಹ್ಯಾಂಗ್ ಆದ ಮೇಲೂ ಅದರಲ್ಲಿ ಏನೇನು ನಡೆಯುತ್ತಿರುತ್ತದೆ ಎಂದು ನಾನು ಮೊದಲು ವಿಚಾರಿಸುತ್ತೇನೆ. ಪರಿಚಯದ ಉಪನ್ಯಾಸಕರೊಬ್ಬರು ತಮ್ಮ ಲ್ಯಾಪ್‌ಟಾಪ್ ತಂದಾಗ ಹೇಳಿದ್ದು ಇಷ್ಟು: "ಸ್ವಲ್ಪ ಹೊತ್ತು ಬಿಟ್ಟು ಬಂದ್ರೆ ಏನೂ ಓಪನ್ ಆಗಲ್ಲ ಸರ್, ಆದ್ರೆ ಮೌಸ್ ಓಡಾಡ್ತಿರುತ್ತೆ." ಮೌಸ್ ಓಡಾಡುತ್ತದೆ, ಗಡಿಯಾರ ಮುಂದೆ ಸಾಗುತ್ತದೆ ಎಂದರೆ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನೆಲ್ ಬದುಕಿದೆ, ಗ್ರಾಫಿಕ್ಸ್ ಡ್ರೈವರ್ ಕೆಲಸ ಮಾಡುತ್ತಿದೆ. ತೆರೆದಿಟ್ಟ ಟರ್ಮಿನಲ್‌ನಲ್ಲಿ ಆಗಲೇ ಒಮ್ಮೆ ಬಳಸಿದ್ದ ಕಮಾಂಡ್‌ಗಳು ಓಡುತ್ತಿದ್ದವು; ಅದುವರೆಗೆ ಬಳಸದ ಕಮಾಂಡ್ ಕೊಟ್ಟರೆ ಮಾತ್ರ ಇನ್‌ಪುಟ್-ಔಟ್‌ಪುಟ್ ದೋಷ ಎಂಬ ಉತ್ತರ ಬರುತ್ತಿತ್ತು. ಮೆಮೊರಿಯಲ್ಲಿ ಉಳಿದದ್ದೆಲ್ಲ ನಡೆಯುತ್ತದೆ, ಡಿಸ್ಕ್‌ನಿಂದ ಹೊಸದಾಗಿ ಓದಬೇಕಾದದ್ದು ನಡೆಯುವುದಿಲ್ಲ. ಹಾಗಾಗಿ ಕಣ್ಮರೆಯಾದದ್ದು ಡಿಸ್ಕ್, ಎಂದರೆ ಪಿಸಿಐ ಎಕ್ಸ್‌ಪ್ರೆಸ್ (ಪಿಸಿಐಇ) ಬಸ್ಸಿನ ಮೂಲಕ ಮಾತಾಡುವ ಎನ್‌ವಿಎಂಇ ಬಗೆಯ ಎಸ್‌ಎಸ್‌ಡಿಯೇ ಎಂಬ ಅನುಮಾನದಿಂದ ಕೆಲಸ ಆರಂಭಿಸಿದೆ.

ಈ ಯಂತ್ರದಲ್ಲಿ 2019ರಲ್ಲಿ ಹಾಕಿದ ಡೆಬಿಯನ್ 10 ಎಂಬ ಲಿನಕ್ಸ್ ವರ್ಷಗಟ್ಟಲೆ ತಕರಾರಿಲ್ಲದೆ ನಡೆದಿತ್ತು. ಹೊಸದಾಗಿ ಡೆಬಿಯನ್ 12 ಹಾಕಿದ ಮೇಲೆ ತೊಂದರೆ ಶುರುವಾಯಿತು. ರಿಪೇರಿ ಅಂಗಡಿಯವರು ಡಿಸ್ಕ್ ಹೋಗಿದೆ, ಬದಲಾಯಿಸಿ ಎಂದಿದ್ದರಂತೆ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಸ್ಮಾರ್ಟ್ ಲಾಗ್ ಅನ್ನು ಎನ್‌ವಿಎಂಇ-ಸಿಎಲ್‌ಐ ಎಂಬ ಸಾಧನದಿಂದ ತೆಗೆದು ನೋಡಿದರೆ, ಮಾಧ್ಯಮದ ದೋಷಗಳ ಎಣಿಕೆ ಸೊನ್ನೆ ಇತ್ತು, ಮೀಸಲು ಜಾಗ ಪೂರ್ತಿ ಉಳಿದಿತ್ತು. ಏರುತ್ತಿದ್ದದ್ದು ಅಸುರಕ್ಷಿತವಾಗಿ ಪವರ್ ಹೋದ ಎಣಿಕೆ ಮಾತ್ರ. ಇನ್ನೂ ಒಂದು ಸುಳಿವು ಇತ್ತು. ಹ್ಯಾಂಗ್ ಆದ ಯಂತ್ರವನ್ನು ಬರೀ ರೀಸ್ಟಾರ್ಟ್ ಮಾಡಿದರೆ ಬಯಾಸ್‌ಗೂ ಡಿಸ್ಕ್ ಕಾಣುತ್ತಿರಲಿಲ್ಲ. ಪವರ್ ಪೂರ್ತಿ ತೆಗೆದು ಮತ್ತೆ ಹಾಕಿದರೆ ಏನೂ ಆಗದಂತೆ ಬರುತ್ತಿತ್ತು. ಸವೆದುಹೋದ ಡಿಸ್ಕ್‌ನ ಲಕ್ಷಣ ಹೀಗಿರುವುದು ಅಪರೂಪ. ಡಿಸ್ಕ್‌ನೊಳಗಿನ ಫರ್ಮ್‌ವೇರ್ ಎಲ್ಲೋ ಸಿಕ್ಕಿಕೊಂಡಿದೆ, ಪವರ್ ತೆಗೆದಾಗಲಷ್ಟೇ ಬಿಡಿಸಿಕೊಳ್ಳುತ್ತಿದೆ ಎಂದೇ ನಾನು ಓದಿಕೊಂಡೆ.

ಇಂಥ ತೊಂದರೆಯಲ್ಲಿ ಎಲ್ಲರನ್ನೂ ಸುಸ್ತು ಮಾಡುವುದು ಲಾಗ್. ಕರ್ನೆಲ್ ತನ್ನ ದೂರನ್ನು ಬರೆಯಬೇಕಾದದ್ದು ಯಾವ ಡಿಸ್ಕ್‌ನಲ್ಲೋ ಕಾಣೆಯಾದದ್ದೂ ಅದೇ ಡಿಸ್ಕ್, ಆದ್ದರಿಂದ ಮರುಬೂಟ್ ಆದ ಮೇಲೆ ವ್ಯವಸ್ಥೆಯ ದಾಖಲೆಯಾದ ಜರ್ನಲ್ ತೆರೆದರೆ ದುರ್ಘಟನೆಗೆ ತುಸು ಮುಂಚೆಯೇ ಬರಹ ನಿಂತಿರುತ್ತದೆ. ಅದಕ್ಕೆ ನಾನು ಎರಡು ದಾರಿ ಹಿಡಿಯುತ್ತೇನೆ. ಮೊದಲನೆಯದು, ಇನ್ನೊಂದು ಯಂತ್ರದಿಂದ ಎಸ್‌ಎಸ್‌ಎಚ್ ಮೂಲಕ ಒಳಹೊಕ್ಕು, ತೊಂದರೆ ಬರುವ ಮುಂಚೆಯೇ ಕರ್ನೆಲ್ ಸಂದೇಶಗಳನ್ನು ತೋರಿಸುವ ಡಿಮೆಸೇಜ್ ಕಮಾಂಡ್ ಅನ್ನು ಬೆನ್ನುಹತ್ತಿ ಓದುವ ರೀತಿಯಲ್ಲಿ ಓಡಿಸಿಡುವುದು. ಆ ಕಮಾಂಡ್ ಆಗಲೇ ಮೆಮೊರಿಯಲ್ಲಿ ಇರುವುದರಿಂದ ಡಿಸ್ಕ್ ಹೋದರೂ ಸಾಲುಗಳು ಈಚೆಯ ಯಂತ್ರದ ಪರದೆಗೆ ಬರುತ್ತಲೇ ಇರುತ್ತವೆ. ಎರಡನೆಯದು, ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಎಸ್‌ಎಸ್‌ಡಿಯನ್ನು ಹೊರಗಿನ ವಸ್ತುವಿನಂತೆ ಪರೀಕ್ಷಿಸುವುದು. ಕಾಲ ಕೆಳಗಿನ ನೆಲವೇ ಕುಸಿಯುವ ಭಯ ಇಲ್ಲದ್ದರಿಂದ ನನಗೆ ಇದೇ ಹೆಚ್ಚು ಇಷ್ಟ.

ಲೈವ್ ವ್ಯವಸ್ಥೆಯಲ್ಲಿ ತೊಂದರೆಯನ್ನು ಮರುಕಳಿಸುವಂತೆ ಮಾಡಲು ಒಂದು ಪುಟ್ಟ ಸ್ಕ್ರಿಪ್ಟ್ ಬರೆದೆ. ಡಿಸ್ಕ್‌ನಿಂದ ಡಿಡಿ ಕಮಾಂಡ್ ಮೂಲಕ ಒಂದೇ ಒಂದು ಬ್ಲಾಕ್ ಓದುವುದು, ಕೆಲವು ಸೆಕೆಂಡು ಸುಮ್ಮನಿರುವುದು, ಮತ್ತೆ ಓದುವುದು, ಪ್ರತಿ ಸಲ ವಿರಾಮವನ್ನು ಬದಲಿಸುವುದು. ಇಲ್ಲಿ ಡೈರೆಕ್ಟ್ ಎಂಬ ಆಯ್ಕೆಯನ್ನು ಮರೆಯುವಂತಿಲ್ಲ. ಅದಿಲ್ಲದಿದ್ದರೆ ಎರಡನೆಯ ಸಲದಿಂದ ಮೆಮೊರಿಯೇ ಉತ್ತರ ಕೊಡುತ್ತದೆ, ಡಿಸ್ಕ್ ಸತ್ತು ಗಂಟೆಯಾದರೂ ಸ್ಕ್ರಿಪ್ಟ್ ಎಲ್ಲ ಸರಿಯಿದೆ ಎನ್ನುತ್ತಿರುತ್ತದೆ. ಪಾರ್ಟಿಶನ್‌ಗಳನ್ನು ಮೌಂಟ್ ಮಾಡದೆ ಬಿಟ್ಟಿದ್ದೂ ಬೇಕೆಂದೇ. ಫೈಲ್ ಸಿಸ್ಟಂ ಆಗಾಗ ಏನಾದರೂ ಬರೆದು ಡಿಸ್ಕ್ ಅನ್ನು ಎಬ್ಬಿಸುತ್ತಿದ್ದರೆ ಅದು ಎಷ್ಟು ಹೊತ್ತು ಮಲಗಿತ್ತು ಎಂಬ ಲೆಕ್ಕ ಸಿಗುವುದಿಲ್ಲ.

ಅಂತೂ ತೊಂದರೆ ಸಿಕ್ಕಿತು. ಲಾಗ್‌ನಲ್ಲಿ ಮುಖ್ಯವಾದ ಸಾಲು ಎಸ್‌ಎಸ್‌ಡಿಯನ್ನು ನಡೆಸುವ ಕಂಟ್ರೋಲರ್ ಬಿದ್ದಿದೆ, ಅದನ್ನು ರೀಸೆಟ್ ಮಾಡುತ್ತೇನೆ ಎಂಬ ಅರ್ಥದ್ದು. ಅದರ ಪಕ್ಕದಲ್ಲೇ ಎರಡು ಸಂಖ್ಯೆಗಳಿದ್ದವು. ಕಂಟ್ರೋಲರ್‌ನ ಸ್ಥಿತಿ ಹೇಳುವ ರಿಜಿಸ್ಟರ್‌ನಲ್ಲಿ ಹದಿನಾರರ ಪದ್ಧತಿಯ ಎಂಟು ಎಫ್‌ಗಳು, ಎಂದರೆ 32 ಬಿಟ್‌ಗಳೂ 1. ಯಾವ ಕಂಟ್ರೋಲರೂ ತಾನಾಗಿ ಇಂಥ ಸ್ಥಿತಿಯನ್ನು ವರದಿ ಮಾಡುವುದಿಲ್ಲ. ಪಿಸಿಐ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕೇಳಿದ ಪ್ರಶ್ನೆಗೆ ಯಾರೂ ಉತ್ತರಿಸದಿದ್ದಾಗ ಪ್ರೊಸೆಸರ್‌ಗೆ ಕಾಣಿಸುವ ಮೌಲ್ಯ ಅದು. ಎರಡನೆಯ ಸಂಖ್ಯೆ ಪಿಸಿಐ ಸ್ಟೇಟಸ್, ಅದು ಮಾತ್ರ ಸಹಜವಾಗಿಯೇ ಇತ್ತು. ಹಾಗೆಂದರೆ ಸಾಧನ ಬಸ್ಸಿನ ಮೇಲೆ ಇನ್ನೂ ಗುರುತು ಹೇಳುತ್ತಿದೆ, ಒಳಗಿನ ರಿಜಿಸ್ಟರ್‌ಗಳು ಮಾತ್ರ ಮೌನವಾಗಿವೆ. ಅದೂ ಎಲ್ಲ ಎಫ್‌ಗಳಾಗಿದ್ದರೆ ಸ್ಲಾಟ್ ಸಡಿಲವಾಗಿದೆಯೇ, ಪವರ್ ತಲುಪುತ್ತಿದೆಯೇ ಎಂದು ಸ್ಕ್ರೂಡ್ರೈವರ್ ಹಿಡಿಯುತ್ತಿದ್ದೆ. ಕೊನೆಗೆ ರೀಸೆಟ್ ಕೂಡ -19 ಎಂಬ ದೋಷಸಂಖ್ಯೆಯೊಂದಿಗೆ ವಿಫಲವಾಯಿತು. ಅಂಥ ಸಾಧನವೇ ಇಲ್ಲ ಎಂಬುದು ಅದರ ಅರ್ಥ.

ಡೆಬಿಯನ್ 12ರ 6.1 ಕರ್ನೆಲ್ ಇಂಥ ಹೊತ್ತಿನಲ್ಲಿ ತಾನೇ ಒಂದು ಸಲಹೆಯನ್ನೂ ಮುದ್ರಿಸುತ್ತದೆ: ನಿಮ್ಮ ಸಾಧನದ ವಿದ್ಯುತ್ ಉಳಿತಾಯದ ವ್ಯವಸ್ಥೆಯಲ್ಲಿ ದೋಷವಿದೆಯೇ, ಎನ್‌ವಿಎಂಇಯ ಗರಿಷ್ಠ ಲೇಟೆನ್ಸಿಯನ್ನು ಸೊನ್ನೆ ಮಾಡಿ, ಪಿಸಿಐಇ ಎಎಸ್‌ಪಿಎಂ ಅನ್ನು ಆಫ್ ಮಾಡಿ ನೋಡಿ, ಬಗ್ ವರದಿ ಮಾಡಿ ಎಂದು. ಬಹಳ ಜನ ಎರಡೂ ಬೂಟ್ ಪ್ಯಾರಾಮೀಟರ್‌ಗಳನ್ನು ಒಟ್ಟಿಗೆ ಹಾಕಿ, ಯಂತ್ರ ನಡೆಯತೊಡಗಿದ ಕೂಡಲೇ ಅಲ್ಲಿಗೆ ಬಿಡುತ್ತಾರೆ. ನನಗೆ ಅದು ಒಪ್ಪುವುದಿಲ್ಲ. ಎರಡರಲ್ಲಿ ಯಾವುದು ಕೆಲಸ ಮಾಡಿತೆಂದು ತಿಳಿಯದಿದ್ದರೆ ಬಗ್ ವರದಿಯಲ್ಲಿ ಬರೆಯಲು ಏನೂ ಇರುವುದಿಲ್ಲ, ಬ್ಯಾಟರಿಯ ಖರ್ಚು ಮಾತ್ರ ಎರಡು ಕಡೆ ಆಗುತ್ತಿರುತ್ತದೆ.

ಆ ಎರಡೂ ಬೇರೆ ಬೇರೆ ಪದರದವು: ಗರಿಷ್ಠ ಲೇಟೆನ್ಸಿ, ಎಂದರೆ ನಿದ್ರೆಯಿಂದ ಏಳಲು ಹಿಡಿಯಬಹುದಾದ ಕಾಲದ ಮಿತಿ, ಎಪಿಎಸ್‌ಟಿಗೆ ಸೇರಿದ್ದು; ಇನ್ನೊಂದು ಎಎಸ್‌ಪಿಎಂಗೆ. ಎಪಿಎಸ್‌ಟಿ ಎಂಬುದು ಎಸ್‌ಎಸ್‌ಡಿ ಖಾಲಿ ಕುಳಿತಾಗ ತಾನಾಗಿ ಕಡಿಮೆ ವಿದ್ಯುತ್ತಿನ ಸ್ಥಿತಿಗಳಿಗೆ ಇಳಿಯುವ ವ್ಯವಸ್ಥೆ. ಎಷ್ಟು ಮಿಲಿಸೆಕೆಂಡು ಸುಮ್ಮನಿದ್ದರೆ ಯಾವ ಸ್ಥಿತಿಗೆ ಇಳಿಯಬೇಕು ಎಂಬ ಪಟ್ಟಿಯನ್ನು ಬರೆದುಕೊಡುವುದು ಆಪರೇಟಿಂಗ್ ಸಿಸ್ಟಂ. ಲಿನಕ್ಸ್‌ಗೆ ಇದು ಬಂದದ್ದು 2017ರ ಏಪ್ರಿಲ್ ಕೊನೆಯಲ್ಲಿ ಬಿಡುಗಡೆಯಾದ 4.11 ಕರ್ನೆಲ್‌ನಲ್ಲಿ. ಎಎಸ್‌ಪಿಎಂ ಆದರೋ ಎಸ್‌ಎಸ್‌ಡಿಗೂ ಮದರ್‌ಬೋರ್ಡ್‌ಗೂ ನಡುವಿನ ಪಿಸಿಐಇ ಕೊಂಡಿಯನ್ನೇ ಮಲಗಿಸುವ ಏರ್ಪಾಡು.

ಆಗಲೇ ಎಸ್‌ಎಸ್‌ಡಿಯ ಸ್ವಪರಿಚಯದ ಮಾಹಿತಿಯನ್ನು ತೆಗೆದು ನೋಡಿದೆ. ಪಿಎಸ್3 ಎಂಬ ಕಡಿಮೆ ವಿದ್ಯುತ್ತಿನ ಸ್ಥಿತಿಯಲ್ಲಿ 0.05 ವ್ಯಾಟ್, ಎದ್ದು ಬರಲು 1,200 ಮೈಕ್ರೊಸೆಕೆಂಡು. ಅತ್ಯಂತ ಆಳದ ಪಿಎಸ್4ರಲ್ಲಿ 0.005 ವ್ಯಾಟ್, ಇಳಿಯಲು 2,000 ಮತ್ತು ಏಳಲು 8,000 ಮೈಕ್ರೊಸೆಕೆಂಡು. ಆ ಮೇಲೆ ಎಪಿಎಸ್‌ಟಿ ಪಟ್ಟಿಯನ್ನು ಓದಿದೆ: 6.1 ಕರ್ನೆಲ್ ಕೇವಲ 100 ಮಿಲಿಸೆಕೆಂಡು ಸುಮ್ಮನಿದ್ದರೆ ನೇರವಾಗಿ ಪಿಎಸ್4ಕ್ಕೆ ಇಳಿಯಿರಿ ಎಂದು ಬರೆದಿತ್ತು. ನನ್ನ ಬಳಿ ಇನ್ನೂ ಇದ್ದ 2019ರ ಡೆಬಿಯನ್ 10ರ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೆ ಅದೇ ಎಸ್‌ಎಸ್‌ಡಿಗೆ ಪಿಎಸ್4ರ ಗಡುವು 500 ಮಿಲಿಸೆಕೆಂಡು. ಹಳೆಯ ಲೆಕ್ಕದಲ್ಲಿ ಇಳಿಯುವ ಮತ್ತು ಏಳುವ ಕಾಲಗಳನ್ನು ಕೂಡಿಸಿ ಐವತ್ತರಿಂದ ಗುಣಿಸುತ್ತಿದ್ದರು. 10,000 ಮೈಕ್ರೊಸೆಕೆಂಡಿಗೆ ಸರಿಯಾಗಿ ಅರ್ಧ ಸೆಕೆಂಡು ಬರುತ್ತದೆ. ಈ ಲೆಕ್ಕವನ್ನು 2021ರಲ್ಲಿ ಬದಲಿಸಿ, ಮೊದಲೇ ಗೊತ್ತುಮಾಡಿದ ಗಡುವುಗಳನ್ನು ತಂದರು. ಮೊದಲು ಸರಿಯಿತ್ತು, ಹೊಸದು ಹಾಕಿದ ಮೇಲೆ ಕೆಟ್ಟಿತು ಎಂಬ ದೂರಿಗೆ ಇಲ್ಲಿ ಒಂದು ಎಳೆ ಸಿಕ್ಕಿತು.

ಎಳೆ ಸಿಕ್ಕಿದ ಮಾತ್ರಕ್ಕೆ ಕಾರಣ ಸಿಕ್ಕಿತೆಂದಲ್ಲ. 6.1 ಕರ್ನೆಲ್‌ನಲ್ಲಿಯೇ ಎಪಿಎಸ್‌ಟಿ ಪ್ರೈಮರಿ ಟೈಮ್‌ಔಟ್ ಎಂಬ ಪ್ಯಾರಾಮೀಟರ್ ಅನ್ನು ಸೊನ್ನೆ ಮಾಡಿದರೆ ಹಳೆಯ ಲೆಕ್ಕಕ್ಕೆ ಮರಳುತ್ತದೆ. ಬೂಟ್ ಮೆನುವಿನಲ್ಲಿ ಅದೊಂದನ್ನೇ ಬದಲಿಸಿ ಸ್ಕ್ರಿಪ್ಟ್ ಓಡಿಸಿ, ಉಪನ್ಯಾಸಕರ ದಿನನಿತ್ಯದ ಕೆಲಸಕ್ಕೂ ಬಿಟ್ಟು ನೋಡಿದಾಗ ತೊಂದರೆ ವಿರಳವಾಯಿತು, ಹೋಗಲಿಲ್ಲ. ಇದರಿಂದ ಹೊಸ ಲೆಕ್ಕವು ಡಿಸ್ಕ್ ಅನ್ನು ಹೆಚ್ಚು ಸಲ ಮಲಗಿಸಿ ಏಳಿಸುತ್ತಿದ್ದುದರಿಂದ ದೋಷ ಪದೇ ಪದೇ ಕಾಣಿಸಿತೇ ಹೊರತು, ದೋಷದ ಬೇರು ಪಿಎಸ್4ರಿಂದ ಏಳುವ ಘಟ್ಟದಲ್ಲೇ ಇದೆ ಎಂದು ತೀರ್ಮಾನಿಸಿದೆ. ಹಳೆಯ ಕರ್ನೆಲ್‌ಗೆ ಹಿಂದಿರುಗುವುದು ಪರಿಹಾರವಲ್ಲ ಎಂಬುದೂ ಅದರಿಂದ ಸ್ಪಷ್ಟವಾಯಿತು.

ಎಎಸ್‌ಪಿಎಂ ಕಡೆ ಒಂದು ಸೂಕ್ಷ್ಮವಿದೆ. ಪಿಸಿಐಇ ಎಎಸ್‌ಪಿಎಂ ಆಫ್ ಎಂದು ಬೂಟ್ ಸಾಲಿನಲ್ಲಿ ಬರೆದರೆ ಕೊಂಡಿಯ ನಿದ್ರೆ ನಿಲ್ಲುತ್ತದೆ ಎಂದು ಹೆಸರು ನೋಡಿದವರೆಲ್ಲ ತಿಳಿಯುತ್ತಾರೆ. ಕರ್ನೆಲ್ ದಾಖಲೆಯ ಪ್ರಕಾರ ಅದರ ಅರ್ಥ, ಎಎಸ್‌ಪಿಎಂ ಅನ್ನು ಮುಟ್ಟಬೇಡ, ಬಯಾಸ್ ಹೇಗೆ ಬಿಟ್ಟಿದೆಯೋ ಹಾಗೆ ಬಿಡು ಎಂದು. ಈ ಲ್ಯಾಪ್‌ಟಾಪ್‌ನಲ್ಲಿ ಅದನ್ನು ಹಾಕಿದ ಮೇಲೂ ಪಿಸಿಐ ಸಾಧನಗಳನ್ನು ಪಟ್ಟಿ ಮಾಡುವ ಎಲ್‌ಎಸ್‌ಪಿಸಿಐ ಕಮಾಂಡಿನ ವಿವರದಲ್ಲಿ ಕೊಂಡಿಯ ನಿದ್ರೆಯಾದ ಎಲ್1 ಸ್ಥಿತಿ ಚಾಲನೆಯಲ್ಲೇ ಇತ್ತು. ನಿಜವಾಗಿ ನಿಲ್ಲಿಸಲು ಎಎಸ್‌ಪಿಎಂ ಪಾಲಿಸಿಯನ್ನು ಪರ್ಫಾರ್ಮೆನ್ಸ್ ಎಂದು ಇಡಬೇಕು. ಹಾಗೆ ಇಟ್ಟು, ಎಪಿಎಸ್‌ಟಿಯನ್ನು ಮುಟ್ಟದೆ ಪರೀಕ್ಷಿಸಿದಾಗ ಡಿಸ್ಕ್ ಮೊದಲಿನಂತೆಯೇ ಕಾಣೆಯಾಯಿತು. ಕೊಂಡಿ ನಿರ್ದೋಷಿ.

ಉಳಿದದ್ದು ಗರಿಷ್ಠ ಲೇಟೆನ್ಸಿ. ಇದರ ಸಹಜ ಮೌಲ್ಯ 1,00,000 ಮೈಕ್ರೊಸೆಕೆಂಡು. ಏಳಲು ಅದಕ್ಕಿಂತ ಹೆಚ್ಚು ಕಾಲ ಬೇಡುವ ಸ್ಥಿತಿಗಳನ್ನು ಕರ್ನೆಲ್ ಪಟ್ಟಿಯಿಂದ ಕೈಬಿಡುತ್ತದೆ. ಸೊನ್ನೆ ಮಾಡಿದರೆ ಎಪಿಎಸ್‌ಟಿಯೇ ನಿಲ್ಲುತ್ತದೆ, ಡಿಸ್ಕ್ ಸದಾ ಎಚ್ಚರವಾಗಿದ್ದು ಬೆಚ್ಚಗಾಗುತ್ತದೆ. ಮೊದಲು ಸೊನ್ನೆ ಇಟ್ಟು ತೊಂದರೆ ಪೂರ್ತಿ ನಿಂತದ್ದನ್ನು ಖಚಿತಪಡಿಸಿಕೊಂಡೆ. ಬಳಿಕ 1,200ಕ್ಕೂ 8,000ಕ್ಕೂ ನಡುವೆ ಬೀಳುವಂತೆ 5,000 ಇಟ್ಟೆ. ಪಟ್ಟಿಯನ್ನು ಮತ್ತೆ ಓದಿದಾಗ ಪಿಎಸ್4 ಮಾಯವಾಗಿ ಪಿಎಸ್3 ಮಾತ್ರ ಉಳಿದಿತ್ತು. ಸ್ಕ್ರಿಪ್ಟ್ ರಾತ್ರಿಯಿಡೀ ಓಡಿದರೂ ಡಿಸ್ಕ್ ಉತ್ತರಿಸುತ್ತಲೇ ಇತ್ತು. ಕಳೆದುಕೊಂಡದ್ದು 0.045 ವ್ಯಾಟ್, ಹತ್ತು ಗಂಟೆ ಖಾಲಿ ಕುಳಿತರೂ ಅರ್ಧ ವ್ಯಾಟ್-ಗಂಟೆಯಷ್ಟೂ ಆಗದು.

ವಿಂಡೋಸ್‌ನಲ್ಲಿ ಸರಿಯಿತ್ತಲ್ಲ ಎಂಬ ಪ್ರಶ್ನೆ ಇಂಥ ಕಡೆ ಬಂದೇ ಬರುತ್ತದೆ. ಪಟ್ಟಿ ಬರೆಯುವುದು ಆಪರೇಟಿಂಗ್ ಸಿಸ್ಟಂ ಆದ್ದರಿಂದ ಒಂದರ ಕೆಳಗೆ ಮುಟ್ಟದ ಆಳವನ್ನು ಇನ್ನೊಂದರ ಕೆಳಗೆ ಡಿಸ್ಕ್ ಮುಟ್ಟಬಹುದು. ಡಿಸ್ಕ್ ಮತ್ತು ಮದರ್‌ಬೋರ್ಡ್‌ಗಳ ಜೋಡಿಯಿಂದ ಮಾತ್ರ ಹುಟ್ಟುವ ದೋಷಗಳೂ ಇವೆ. ಕರ್ನೆಲ್‌ನ ಎನ್‌ವಿಎಂಇ ಡ್ರೈವರ್‌ನಲ್ಲಿ ಅಂಥ ಜೋಡಿಗಳನ್ನು ಗುರುತಿಸಲೆಂದೇ ಒಂದು ಫಂಕ್ಷನ್ ಇದೆ. ಆದ್ದರಿಂದ ವರದಿಯಲ್ಲಿ ಎಸ್‌ಎಸ್‌ಡಿಯ ಹೆಸರಷ್ಟೇ ಸಾಲದು. ಅದರ ಪಿಸಿಐ ಗುರುತಿನ ಸಂಖ್ಯೆ, ಫರ್ಮ್‌ವೇರ್ ಆವೃತ್ತಿ, ಲ್ಯಾಪ್‌ಟಾಪ್‌ನ ಮಾದರಿ, ಬಯಾಸ್ ಆವೃತ್ತಿ, ಪೂರ್ತಿ ಲಾಗ್, ಯಾವ ಬದಲಾವಣೆಗೆ ಏನಾಯಿತು ಎಂಬುದು, ಇಷ್ಟನ್ನೂ ಕೊಟ್ಟೆ. ಅದಕ್ಕೂ ಮುಂಚೆ ಆಗಿನ ಇತ್ತೀಚಿನ ಮೂಲ ಕರ್ನೆಲ್‌ನಲ್ಲಿ ದೋಷ ಉಳಿದಿದೆಯೇ ಎಂದು ನೋಡಿಕೊಳ್ಳುವುದು ಸೌಜನ್ಯ. ದೋಷ ದೃಢಪಟ್ಟರೆ ಡ್ರೈವರ್‌ನಲ್ಲಿ ಕ್ವರ್ಕ್ ಎಂಬ ವಿನಾಯಿತಿ ಸೇರಿಸುತ್ತಾರೆ. ಅತಿ ಆಳದ ಸ್ಥಿತಿಯನ್ನು ಬಳಸಬೇಡ ಎಂಬ ವಿನಾಯಿತಿ ಅಲ್ಲಿ ಆಗಲೇ ಇದೆ. ಎಸ್‌ಎಸ್‌ಡಿ ತಯಾರಕರ ಫರ್ಮ್‌ವೇರ್ ಅಪ್‌ಡೇಟ್ ವಿಂಡೋಸ್‌ನಿಂದಷ್ಟೇ ಹಾಕಲು ಬರುವಂಥದ್ದಾಗಿದ್ದರಿಂದ ಆ ದಾರಿ ಸದ್ಯಕ್ಕೆ ಮುಚ್ಚಿತ್ತು.

ಲಿನಕ್ಸ್ ಅನ್ನು ಬೂಟ್ ಮಾಡಿಸುವ ಗ್ರಬ್‌ನ ಸಂರಚನಾ ಕಡತದಲ್ಲಿ ಪ್ಯಾರಾಮೀಟರ್ ಬರೆದು, ಮೇಲಿನ ಸಾಲಿನಲ್ಲಿ ಕಾರಣವನ್ನೂ ದಿನಾಂಕವನ್ನೂ ಟಿಪ್ಪಣಿಯಾಗಿ ಸೇರಿಸಿ, ಗ್ರಬ್ ಅನ್ನು ನವೀಕರಿಸಿ ಲ್ಯಾಪ್‌ಟಾಪ್ ಹಿಂದಿರುಗಿಸಿದೆ. ಮುಂದೆ ಎಸ್‌ಎಸ್‌ಡಿ ಬದಲಿಸಿದರೆ ಆ ಸಾಲನ್ನು ತೆಗೆಯಿರಿ, ಹೊಸ ಡಿಸ್ಕ್‌ನ ಅಂಕಿಗಳು ಬೇರೆ ಇರುತ್ತವೆ ಎಂದು ಉಪನ್ಯಾಸಕರಿಗೆ ತಿಳಿಸಿದ್ದೇನೆ.