ಎರಡನೇ ತುದಿ

ಟೆರೆಫ್ತಾಲ್ಡಿಹೈಡ್‌ನ ಬೆಂಜೀನ್ ಉಂಗುರದಲ್ಲಿ ಎದುರುಬದುರಾಗಿ ಎರಡು ಆಲ್ಡಿಹೈಡ್ ಗುಂಪುಗಳಿರುತ್ತವೆ. ಎರಡಕ್ಕೂ ಒಂದೊಂದು ಅನಿಲೀನ್ (ಬೆಂಜೀನ್ ಉಂಗುರಕ್ಕೆ ಅಮೀನ್ ಗುಂಪು ಸೇರಿದ ಸಂಯುಕ್ತ) ಕೂಡಿಸಿದರೆ ಡೈಇಮೀನ್, ಅಂದರೆ ಎರಡು ಇಂಗಾಲ-ನೈಟ್ರೋಜನ್ ದ್ವಿಬಂಧಗಳಿರುವ ಸಂಯುಕ್ತ; ಅದನ್ನು ಅಪಕರ್ಷಿಸಿದರೆ (ಹೈಡ್ರೋಜನ್ ಸೇರಿಸಿದರೆ) ದ್ವಿತೀಯಕ ಡೈಅಮೀನ್. ಪಾಲಿಯೂರಿಯಾ ಎಂಬ ಪಾಲಿಮರ್ ತಯಾರಿಕೆಯಲ್ಲಿ ಐಸೊಸಯನೇಟ್ ಜೊತೆ ನಿಧಾನವಾಗಿ ಕೂಡುವ ಡೈಅಮೀನ್ ನನಗೆ ಬೇಕಿತ್ತು. ಅನಿಲೀನ್ ಮೇಲಿನ ಗುಂಪುಗಳನ್ನು ಬದಲಿಸುತ್ತಾ ಹೊಸ ಸಂಯುಕ್ತಗಳ ಒಂದು ಸಾಲನ್ನೇ ಮಾಡಲು ಹೊರಟೆ. ಇಮೀನ್‌ಗಳನ್ನು ರಸಾಯನಶಾಸ್ತ್ರಜ್ಞ ಹ್ಯೂಗೊ ಶಿಫ್ 1864ರಲ್ಲೇ ವರದಿ ಮಾಡಿದ್ದರಿಂದ ಈ ಹಂತ ಸಲೀಸು ಎಂದುಕೊಂಡಿದ್ದೆ.

ಮೊದಲ ಸಲ ಮೆಥನಾಲ್‌ನಲ್ಲಿ ಕಲಕಿದೆ. ಹಳದಿ ಘನ ತಳಕ್ಕಿಳಿಯಿತು. ಟಿಎಲ್‌ಸಿ (ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ತೋರಿಸುವ, ಸಿಲಿಕಾ ಲೇಪಿತ) ಪ್ಲೇಟಿನ ಮೇಲೆ ಬರೀ ಉದ್ದನೆಯ ಕಲೆ; ಸಿಲಿಕಾ ಇಮೀನನ್ನೇ ಒಡೆಯುತ್ತದೆ, ಅದನ್ನು ನಂಬುವಂತಿರಲಿಲ್ಲ. ಆದರೂ ಮುಗಿಯಿತೆಂದು ಅಪಕರ್ಷಿಸಿಬಿಟ್ಟೆ. ಎನ್‌ಎಂಆರ್‌ನಲ್ಲಿ (ಅಣುವಿನ ಹೈಡ್ರೋಜನ್‌ಗಳನ್ನು ಪಿಪಿಎಂ ಅಳತೆಯ ಮೇಲೆ ಶಿಖರಗಳಾಗಿ ತೋರಿಸುವ ಪರೀಕ್ಷೆ) 4.3 ಪಿಪಿಎಂ ಹತ್ತಿರ ಬೇಕಾದ ಶಿಖರವಿತ್ತು, 4.7ರ ಬಳಿ ಬೇಡದ್ದೂ ಇತ್ತು. ಎರಡನೇ ತುದಿಯ ಆಲ್ಡಿಹೈಡ್ ಹಾಗೇ ಉಳಿದು, ಅಪಕರ್ಷಣಕ್ಕೆ ಹಾಕಿದ್ದ ಬೋರೋಹೈಡ್ರೈಡ್ ತಗಲಿ ಆಲ್ಕೋಹಾಲ್ ಆಗಿತ್ತು. ಎರಡನ್ನೂ ಬೇರ್ಪಡಿಸಲು ದಿನಗಟ್ಟಲೆ ಹೋಯಿತು.

ಆಮೇಲೆ ಟೊಲುವೀನ್‌ಗೆ ಬದಲಾದೆ. ಚಿಟಿಕೆ ಪ್ಯಾರಾ-ಟೊಲುವೀನ್ ಸಲ್ಫೋನಿಕ್ ಆಮ್ಲ ಹಾಕಿ, ಡೀನ್-ಸ್ಟಾರ್ಕ್ (ಇಮೀನ್ ಆಗುವಾಗ ಹುಟ್ಟುವ ನೀರನ್ನು ಬೇರ್ಪಡಿಸಿ ಅಳೆಯುವ ಗಾಜಿನ ಉಪಕರಣ) ಜೋಡಿಸಿ ಕುದಿಸಿದೆ. 13.4 ಗ್ರಾಂ, ಅಂದರೆ 0.1 ಮೋಲ್ ಡೈಆಲ್ಡಿಹೈಡ್‌ಗೆ ಪೂರ್ತಿ ಕ್ರಿಯೆಯಾದರೆ 3.6 ಮಿ.ಲೀ. ನೀರು ಬರಬೇಕು. ನೀರು 1.8ರ ಆಚೆ ಹೋದಾಗಲೇ ಎರಡನೇ ತುದಿ ಶುರುವಾಗಿದೆ ಎಂಬ ಖಾತ್ರಿ. ನೀರಿನ ಅಳತೆಯೊಂದನ್ನೇ ನಾನು ನಂಬುವುದಿಲ್ಲ, ಎನ್‌ಎಂಆರ್‌ನ 10.1ರ ಆಲ್ಡಿಹೈಡ್ ಶಿಖರ ಪೂರ್ತಿ ಹೋಗಿ 8.5ರ ಇಮೀನ್ ಮಾತ್ರ ಉಳಿಯಬೇಕು. ಎನ್‌ಎಂಆರ್‌ಗೆ ಬಳಸುವ ದ್ರಾವಕವಾದ ಡ್ಯೂಟರೇಟೆಡ್ ಕ್ಲೋರೋಫಾರ್ಮ್‌ನಲ್ಲಿ ಆಮ್ಲದ ಅಂಶವಿದ್ದರೆ ಟ್ಯೂಬಿನೊಳಗೇ ಇಮೀನ್ ಒಡೆದು ದಾರಿ ತಪ್ಪಿಸುತ್ತದೆ. ಆ ದ್ರಾವಕವನ್ನು ಮೊದಲು ಕ್ಷಾರೀಯ ಅಲ್ಯುಮಿನಾ ಮೂಲಕ ಹಾಯಿಸಿ.

ಅಪಕರ್ಷಣದಲ್ಲಿ ಇನ್ನೊಂದು ತೊಡಕು: ಡೈಇಮೀನ್ ಮೆಥನಾಲ್‌ನಲ್ಲಿ ಸರಿಯಾಗಿ ಕರಗುವುದಿಲ್ಲ. ಟಿಎಚ್‌ಎಫ್ ಎಂಬ ದ್ರಾವಕ ಬೆರೆಸಿದೆ. ಫ್ಲಾಸ್ಕನ್ನು ಮಂಜುಗಡ್ಡೆಯಲ್ಲಿಟ್ಟು ಸೋಡಿಯಂ ಬೋರೋಹೈಡ್ರೈಡನ್ನು ಸ್ವಲ್ಪಸ್ವಲ್ಪವೇ ಹಾಕಿದೆ. ಹೈಡ್ರೋಜನ್ ಹೊಮ್ಮುತ್ತದೆ, ಫ್ಲಾಸ್ಕಿನ ಬಾಯಿ ಬಿಗಿಯಾಗಿ ಮುಚ್ಚಲೇಬಾರದು. ಇಮೀನ್ ಬಂಧಗಳು ಹೋಗುತ್ತಾ ಹಳದಿ ತಿಳಿಯಾಗುವುದನ್ನು ನೋಡುವುದು ಇಂದಿಗೂ ನನಗೆ ಅತ್ಯಂತ ಸಂತೋಷದ ಗಳಿಗೆ.

ಪ್ಯಾರಾ (ಅಮೀನ್ ಗುಂಪಿನ ಎದುರಿನ) ಸ್ಥಾನದಲ್ಲಿ ಮೆಥಾಕ್ಸಿ ಇದ್ದ ಅನಿಲೀನ್ ಬೇಗ ಕೂಡಿತು. ಎರಡೂ ಆರ್ಥೋ (ಅಮೀನ್ ಗುಂಪಿನ ಪಕ್ಕದ) ಸ್ಥಾನಗಳಲ್ಲಿ ಐಸೊಪ್ರೊಪೈಲ್ ಇದ್ದದ್ದಕ್ಕೆ ರಾತ್ರಿಯಿಡೀ ಬೇಕಾಯಿತು. ಆದರೆ ಇಮೀನ್ ಆಗುವಾಗ ಅಡ್ಡ ನಿಂತ ಅದೇ ಗುಂಪುಗಳು ಡೈಅಮೀನ್‌ನಲ್ಲೂ ನೈಟ್ರೋಜನ್ನನ್ನು ಮರೆಮಾಡಿ ಐಸೊಸಯನೇಟನ್ನು ತಡೆದವು. ಈಗ ಆ ಸಂಯುಕ್ತದಿಂದಲೇ ಮುಂದಿನ ಸಾಲು ಶುರುಮಾಡಿದ್ದೇನೆ.