ಮರದ ಬಾಣಕ್ಕೆ ಗರಿ ಕೊಯ್ದು ಕಟ್ಟುವ ಬಗೆ

ಒಂದರ ಬೆನ್ನಿಗೊಂದು ಎಡೆಬಿಡದೆ ಬರುವುದನ್ನು ನಾವು ‘ಪುಂಖಾನುಪುಂಖವಾಗಿ’ ಎನ್ನುತ್ತೇವೆ. ಪುಂಖವೆಂದರೆ ಬಾಣದ ಗರಿ ಕಟ್ಟಿದ ಹಿಂತುದಿ. ಮಾತು ಇಂದಿಗೂ ಬಳಕೆಯಲ್ಲಿದೆ, ಆದರೆ ಆ ಪುಂಖವನ್ನು ಕೈಯಾರೆ ಮಾಡುವವರು ನಮ್ಮ ಬಾಗಲಕೋಟೆಯ ಸುತ್ತಮುತ್ತ ಈಗ ವಿರಳ. ಪಟ್ಟದಕಲ್ಲಿನ ಪಾಪನಾಥ ಗುಡಿಯ ಹೊರಗೋಡೆಯ ರಾಮಾಯಣದ ಶಿಲ್ಪಗಳ ಮುಂದೆ ನಿಂತು ಬಿಲ್ಲಿನ ಬಾಗನ್ನು ನೋಡಿ ಒಂದಿಷ್ಟು ಕಲಿಯಬಹುದೇನೋ, ಗರಿಯ ಕೆಲಸವನ್ನು ಮಾತ್ರ ಕಲ್ಲು ಕಲಿಸುವುದಿಲ್ಲ. ಅದನ್ನು ಹತ್ತಾರು ಗರಿ ಕೆಡಿಸಿಯೇ ಕಲಿಯಬೇಕು. ಹಾಗೆ ಕೆಡಿಸಿದವರು ಸಾಮಾನ್ಯವಾಗಿ ಕತ್ತರಿಯನ್ನು ದೂರುತ್ತಾರೆ. ನನ್ನ ಅನುಭವದಲ್ಲಿ ತಪ್ಪು ಕತ್ತರಿಯದಲ್ಲ, ಅದಕ್ಕೂ ಮೊದಲು ಮಾಡಬೇಕಾದ, ಗರಿಯ ನಡುವಿನ ದಂಟಿನ ಕೆಲಸದ್ದು.

ಮೊದಲು ಗರಿಯ ಆಯ್ಕೆ. ಟರ್ಕಿ ಕೋಳಿಯ ಅಥವಾ ಸಾಕಿದ ಹೆಬ್ಬಾತಿನ ರೆಕ್ಕೆಯಲ್ಲಿರುವ ಉದ್ದನೆಯ ಹಾರುಗರಿಗಳೇ ಬೇಕು. ಬಾಲದ ಗರಿ ಮೆದು, ನಾಟಿ ಕೋಳಿಯ ಗರಿ ಗಿಡ್ಡ ಮತ್ತು ಸಡಿಲ. ಹಳೆಯ ಕಾವ್ಯಗಳಲ್ಲಿ ಬಾಣಕ್ಕೆ ಕಂಕಪತ್ರ ಎಂಬ ಹೆಸರೇ ಇದೆ, ಅಂದರೆ ಕಂಕಪಕ್ಷಿಯ ಗರಿ ಕಟ್ಟಿದ್ದು. ಅದನ್ನು ಓದಿ ಇಂದು ಕಾಡುಹಕ್ಕಿಯ ಗರಿ ಹುಡುಕಿಕೊಂಡು ಹೊರಡಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಹದ್ದು, ರಣಹದ್ದು, ನವಿಲುಗಳ ರೆಕ್ಕೆಗರಿ ಹೊಲದ ಬದುವಿನಲ್ಲಿ ತಾನಾಗಿ ಬಿದ್ದಿದ್ದರೂ ಅಲ್ಲಿಯೇ ಇರಲಿ. ಕೋಳಿ ಸಾಕುವವರನ್ನು ಮೊದಲೇ ಕೇಳಿಟ್ಟರೆ ಎಸೆಯುವ ರೆಕ್ಕೆಗಳನ್ನೇ ಕೊಡುತ್ತಾರೆ. ತಂದ ಗರಿಗಳನ್ನು ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ನಮ್ಮ ಏಪ್ರಿಲ್ ಬಿಸಿಲಿಗೆ ಹಾಕಿದರೆ ದಂಟು ಗರಿಗರಿಯಾಗಿ, ಚಾಕು ತಾಗಿದ ಕೂಡಲೇ ಸೀಳುತ್ತದೆ.

ಒಣಗಿದ ಮೇಲೆ ಎಡರೆಕ್ಕೆಯ ಗರಿಗಳನ್ನೂ ಬಲರೆಕ್ಕೆಯ ಗರಿಗಳನ್ನೂ ಬೇರೆ ಬೇರೆ ಗುಡ್ಡೆ ಮಾಡಬೇಕು. ಗರಿಯ ಬುಡವನ್ನು ನಿಮ್ಮ ಕಡೆಗೆ, ತುದಿಯನ್ನು ಆಚೆಗೆ ಇಟ್ಟು, ಉಬ್ಬಿದ ಮೇಲ್ಮೈ ಮೇಲೆ ಬರುವಂತೆ ಹಿಡಿಯಿರಿ. ದಂಟಿನ ಎರಡು ಬದಿಗೆ ಹರಡಿದ ಎಸಳುಗಳಲ್ಲಿ ಅಗಲವಾದದ್ದು ಎಡಕ್ಕಿದ್ದರೆ ಗರಿ ಎಡರೆಕ್ಕೆಯದು, ಬಲಕ್ಕಿದ್ದರೆ ಬಲರೆಕ್ಕೆಯದು. ಒಂದು ಬಾಣಕ್ಕೆ ಕಟ್ಟುವ ಮೂರೂ ಗರಿಗಳು ಒಂದೇ ಬದಿಯ ರೆಕ್ಕೆಯವಾಗಿರಲೇಬೇಕು. ಗರಿಯ ಸಹಜ ಬಾಗು ಗಾಳಿಯನ್ನು ಒಂದು ಕಡೆಗೆ ತಳ್ಳಿ ಬಾಣವನ್ನು ತಿರುಗಿಸುತ್ತದೆ. ಬೇರೆ ಬೇರೆ ಬದಿಯವನ್ನು ಬೆರೆಸಿದರೆ ಒಂದು ಗರಿ ತಿರುಗಿಸಿದ್ದನ್ನು ಇನ್ನೊಂದು ತಡೆಯುತ್ತದೆ, ಬಾಣದ ಬಾಲ ದಾರಿಯುದ್ದಕ್ಕೂ ಅಲ್ಲಾಡುತ್ತಾ ಹೋಗುತ್ತದೆ. ಎಡವೋ ಬಲವೋ ಎಂಬುದರಿಂದ ಗುರಿಯಲ್ಲಿ ವ್ಯತ್ಯಾಸವೇನೂ ಇಲ್ಲ, ಬೆರಕೆಯಾಗಬಾರದು ಅಷ್ಟೇ.

ಇನ್ನು ದಂಟು. ಗರಿಯನ್ನು ಮಗುಚಿ ನೋಡಿದರೆ ದಂಟಿನ ಕೆಳಮೈಯಲ್ಲಿ ಉದ್ದಕ್ಕೂ ಒಂದು ಸಣ್ಣ ತೋಡು ಕಾಣುತ್ತದೆ. ಚೂಪಾದ ಚಾಕುವಿನ ಮೊನೆಯನ್ನು ಆ ತೋಡಿನಲ್ಲಿಟ್ಟು ತುದಿಯ ಕಡೆಯಿಂದ ಬುಡದ ಕಡೆಗೆ ನಿಧಾನವಾಗಿ ಸೀಳಿದರೆ ದಂಟು ಎರಡು ಹೋಳಾಗುತ್ತದೆ. ಅಗಲವಾದ ಎಸಳಿರುವ ಹೋಳು ನಮಗೆ ಬೇಕಾದದ್ದು. ದಂಟು ಒಣಗಿ ಬಿರುಸಾಗಿದ್ದರೆ ಹಿಂದಿನ ರಾತ್ರಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು. ವಿಜಯಪುರ, ಬಾಗಲಕೋಟೆಯ ಬೇಸಿಗೆಯಲ್ಲಿ ಇದು ಕಡ್ಡಾಯ, ಖಾನಾಪುರದ ಮಳೆಗಾಲದಲ್ಲಿ ಇದರ ಅಗತ್ಯವೇ ಬೀಳುವುದಿಲ್ಲ. ಸೀಳಿದ ಹೋಳಿನ ಒಳಗೆ ಬೆಂಡಿನಂಥ ಬಿಳಿಯ ತಿರುಳಿರುತ್ತದೆ. ಸಪಾಟಾದ ಹಲಗೆಗೆ ಮರಳುಕಾಗದ ಅಂಟಿಸಿ, ದಂಟನ್ನು ಎರಡು ಉಕ್ಕಿನ ಪಟ್ಟಿಗಳ ನಡುವೆ ಬಿಗಿಹಿಡಿದು, ಆ ತಿರುಳು ಹೋಗಿ ಅಡಿ ಸಮವಾಗುವವರೆಗೆ ಉಜ್ಜಬೇಕು. ಕೊನೆಗೆ ದಂಟು ಉದ್ದಕ್ಕೂ ಸುಮಾರು 1 ಮಿ.ಮೀ. ದಪ್ಪ ಉಳಿಯಬೇಕು, ಗಾಜಿನ ಮೇಲೆ ನಿಲ್ಲಿಸಿದರೆ ಎಸಳು ಯಾವ ಕಡೆಗೂ ವಾಲದೆ ನೇರವಾಗಿ ನಿಲ್ಲಬೇಕು. ಬುಡದ ಕಡೆ ದಂಟು ದಪ್ಪ, ತುದಿಯ ಕಡೆ ತೆಳು ಇರುವುದರಿಂದ ಬುಡವನ್ನೇ ಹೆಚ್ಚು ಉಜ್ಜಬೇಕಾಗುತ್ತದೆ; ಹೊಸಬರು ಎರಡೂ ಕಡೆ ಒಂದೇ ಸಮನೆ ಉಜ್ಜಿ ತುದಿಯನ್ನು ಹರಿದುಕೊಳ್ಳುತ್ತಾರೆ. ಒಂದು ಗರಿಗೆ ಹತ್ತು ನಿಮಿಷ ಹಿಡಿದರೂ ಇಲ್ಲಿ ಅವಸರ ಮಾಡಬಾರದು. ಅಡಿ ಸಮವಿಲ್ಲದ ಗರಿಗೆ ಎಷ್ಟೇ ಚೆಂದದ ಆಕಾರ ಕೊಟ್ಟರೂ ಅಂಟಿಸಿದ ಮೇಲೆ ಅದು ಸೊಟ್ಟಗೇ ನಿಲ್ಲುತ್ತದೆ.

ಆಕಾರ ಕೊಡಲು ಹಳೆಯ ತಗಡಿನ ಡಬ್ಬಿಯಿಂದ ಒಂದೇ ಅಳತೆಯ ಎರಡು ಅಚ್ಚು ಕತ್ತರಿಸಿಕೊಳ್ಳಬೇಕು. ಎಸಳಿನ ಉದ್ದ 5 ಇಂಚು, ಅತಿ ಎತ್ತರದ ಜಾಗದಲ್ಲಿ 12ರಿಂದ 15 ಮಿ.ಮೀ. ಇದ್ದರೆ ಸಾಮಾನ್ಯ ಮರದ ಬಾಣಕ್ಕೆ ಸಾಕು. ಮುಂದಿನಿಂದ ಮೆಲ್ಲನೆ ಏರಿ ಹಿಂದೆ ದುಂಡಗೆ ಇಳಿಯುವ ಬಾಗು ಒಂದು ಬಗೆ. ಹಿಂದೆ ಒಳಕ್ಕೆ ಕೊರೆದಂತಿರುವ ಗುರಾಣಿಯ ಆಕಾರ ಇನ್ನೊಂದು. ಗುರಾಣಿಯ ಆಕಾರ ನೋಡಲು ಚೆಂದ, ಆದರೆ ಅದರ ಹಿಂದಿನ ಮೂಲೆ ಬೇಗ ಸವೆಯುತ್ತದೆ, ಹಾರುವಾಗ ಸದ್ದೂ ಹೆಚ್ಚು. ನಾನು ದುಂಡು ಬಾಗನ್ನೇ ಕೊಯ್ಯುತ್ತೇನೆ. ಎಸಳನ್ನು ಎರಡು ತಗಡಿನ ನಡುವೆ ಬಿಗಿಯಾಗಿ ಹಿಡಿದು, ಹೊರಗೆ ಚಾಚಿದ ಭಾಗವನ್ನು ಹರಿತವಾದ ಕತ್ತರಿಯಿಂದ ಸಣ್ಣ ಸಣ್ಣ ಕಚ್ಚುಗಳಲ್ಲಿ ಕೊಯ್ಯಬೇಕು. ಹಿಡಿತ ಸಡಿಲವಾದರೆ ಎಳೆಗಳು ಕತ್ತರಿಯ ಮುಂದೆ ಜಾರಿ ಅಂಚು ಗರಗಸದಂತಾಗುತ್ತದೆ. ದಾರ ಸುತ್ತಿ ಕಟ್ಟುವುದಾದರೆ ಈಗ ಒರಟಾಗಿ ಕೊಯ್ದು, ಕೊನೆಯ 1 ಮಿ.ಮೀ. ಅನ್ನು ಕಟ್ಟಿದ ನಂತರಕ್ಕೆ ಉಳಿಸಿಕೊಳ್ಳುವುದು ಒಳ್ಳೆಯದು. ಎರಡೂ ತುದಿಗಳಲ್ಲಿ ಸುಮಾರು 10 ಮಿ.ಮೀ. ಉದ್ದಕ್ಕೆ ಎಳೆಗಳನ್ನು ಕಿತ್ತು ಬರಿಯ ದಂಟು ಬಿಡಬೇಕು; ದಾರದ ಹಿಡಿತ ಅಲ್ಲಿಯೇ. ಕಾಯಿಸಿದ ತಂತಿಯಿಂದ ಗರಿಯನ್ನು ಸುಟ್ಟು ಆಕಾರ ಕೊಡುವವರೂ ಇದ್ದಾರೆ. ಮೂರೂ ಗರಿ ಒಂದೇ ಎತ್ತರಕ್ಕೆ ಬರುತ್ತವೆ ನಿಜ, ಆದರೆ ಸುಟ್ಟ ಕೂದಲಿನ ಆ ವಾಸನೆ ಎರಡು ದಿನ ಮನೆ ಬಿಡುವುದಿಲ್ಲ.

ಅಂಟಿಸುವ ಜಾಗ ಗುರುತಿಸಲು ಕಾಗದದ ಪಟ್ಟಿಯೊಂದು ಸಾಕು. 8 ಮಿ.ಮೀ. ದಪ್ಪದ ಕಡ್ಡಿಗೆ ಸುತ್ತಿದರೆ ಸುಮಾರು 25 ಮಿ.ಮೀ. ಬರುತ್ತದೆ, ಪಟ್ಟಿಯನ್ನು ಬಿಚ್ಚಿ ಮೂರು ಸಮಪಾಲು ಮಾಡಿ ಮತ್ತೆ ಸುತ್ತಿ ಗೆರೆ ಹಾಕಿಕೊಳ್ಳಬೇಕು. ಹೆದೆ ಕೂರುವ ಕಚ್ಚನ್ನು ಮರದ ಎಳೆಗೆ ಅಡ್ಡವಾಗಿ ಕೊರೆದಿರಬೇಕು, ಇಲ್ಲವಾದರೆ ಹೆದೆಯ ಹೊಡೆತಕ್ಕೆ ಕಡ್ಡಿ ಸೀಳಬಹುದು. ಬೇರೆ ಬಣ್ಣದ ಒಂದು ಗರಿ ಆ ಕಚ್ಚಿಗೆ ಲಂಬವಾಗಿದ್ದು, ಬಾಣ ಹೂಡಿದಾಗ ಬಿಲ್ಲಿನಿಂದ ಹೊರಕ್ಕೆ ಮುಖ ಮಾಡಬೇಕು. ಗರಿಯ ಬುಡ ಅಲಗಿನ ಕಡೆಗೆ, ತುದಿ ಹೆದೆಯ ಕಡೆಗೆ. ಅಲಗಿನಿಂದ ಹಿಂದಕ್ಕೆ ಬೆರಳಾಡಿಸಿದರೆ ಎಸಳು ನುಣ್ಣಗೆ ಮಲಗಬೇಕು, ತಡೆದರೆ ಗರಿ ತಿರುಗುಮುರುಗಾಗಿದೆ ಎಂದರ್ಥ. ಕಚ್ಚಿಗೂ ಗರಿಗೂ ನಡುವೆ ಬೆರಳಿಗೆ ಜಾಗವಾಗಿ 1 ಇಂಚು ಬಿಡಬೇಕು. ಗರಿಯನ್ನು ಕಡ್ಡಿಗೆ ತೀರಾ ನೇರವಾಗಿ ಕೂರಿಸದೆ, ಅದರ ಬಾಗು ಎಳೆಯುವ ಕಡೆಗೆ ಎರಡು ಮೂರು ಡಿಗ್ರಿ ಓರೆ ಮಾಡಬೇಕು. ಕಡ್ಡಿಗೆ ವಾರ್ನಿಶ್ ಬಳಿದಿದ್ದರೆ ಅಂಟು ತಾಗುವ ಜಾಗದ ಹೊಳಪನ್ನು ಮೊದಲು ಉಜ್ಜಿ ತೆಗೆಯಬೇಕು. ಫೆವಿಕಾಲ್‌ನಂಥ ಬಿಳಿ ಅಂಟಿನ ತೆಳು ಗೆರೆ ಸಾಕು, ಏಕೆಂದರೆ ಹಿಡಿದಿಡುವ ಕೆಲಸ ದಾರದ್ದು.

ದಾರಕ್ಕೆ ನಾನು ಬಳಸುವುದು ಇಳಕಲ್ಲಿನ ಮಗ್ಗದಲ್ಲಿ ಉಳಿದ ರೇಷ್ಮೆಯ ತುಂಡುಗಳನ್ನು. ಸೆರಗಿಗೆಂದು ಬಣ್ಣ ಹಾಕಿದ ಆ ಕೆಂಪು ನೂಲು ತೆಳುವಾಗಿದ್ದರೂ ಬಲು ಗಟ್ಟಿ. ಅದಕ್ಕೆ ಜೇನುಮೇಣ ಸವರಿ, ಮುಂದಿನ ಬರಿದಂಟಿನ ಮೇಲೆ ಎಂಟು ಹತ್ತು ಸುತ್ತು ಒತ್ತಾಗಿ ಸುತ್ತಿ, ಅಲ್ಲಿಂದ 6 ಮಿ.ಮೀ. ಅಂತರದಲ್ಲಿ ಹಿಂದಕ್ಕೆ ಸುತ್ತುತ್ತಾ ಹೋಗಬೇಕು. ದಾರ ಪ್ರತಿ ಗರಿಯನ್ನು ದಾಟುವಲ್ಲಿ ಸೂಜಿಯ ಮೊನೆಯಿಂದ ಎಳೆಗಳನ್ನು ಬಿಡಿಸಿ, ದಾರವನ್ನು ದಂಟಿನವರೆಗೆ ಇಳಿಸಬೇಕು. 5 ಇಂಚಿಗೆ ಸುಮಾರು 20 ಸುತ್ತು, ಅಂದರೆ ಒಂದು ಬಾಣಕ್ಕೆ 60 ಕಡೆ ಗರಿಯನ್ನು ತೆರೆಯಬೇಕು. ತೆರೆದ ಜಾಗವನ್ನು ಕಂಡು ಗಾಬರಿಯಾಗಬೇಕಿಲ್ಲ. ಎಳೆಗಳ ಬದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆಗಳಿವೆ, ದಂಟಿನಿಂದ ಅಂಚಿನ ಕಡೆಗೆ ಎರಡು ಬೆರಳಲ್ಲಿ ಸವರಿದರೆ ಜಿಪ್ ಎಳೆದಂತೆ ಮತ್ತೆ ಕೂಡಿಕೊಳ್ಳುತ್ತವೆ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲಾದ ಇಂಗ್ಲೆಂಡಿನ ಮೇರಿ ರೋಸ್ ಹಡಗಿನ ಬಾಣಗಳಲ್ಲಿಯೂ ಹೀಗೆ ದಾರ ಸುತ್ತಿದ ಗುರುತುಗಳಿವೆ. ಹಿಂದಿನ ತುದಿಯನ್ನೂ ಒತ್ತಾಗಿ ಸುತ್ತಿ ಮುಗಿಸಿ, ದಾರದ ಮೇಲೆ ಅರಗಿನ ಪಾಲಿಶನ್ನು ಎರಡು ಸಲ ಬಳಿಯಬೇಕು. ಬಿಳಿ ಅಂಟಿಗೆ ನೀರಿನ ಭಯವಿದೆ.

ಮುಂದಿನ ಒತ್ತು ಸುತ್ತಿನ ಬಗ್ಗೆ ಇನ್ನೊಂದು ಮಾತು. ಹಳೆಯ ಬಗೆಯ ಬಿಲ್ಲಿನಲ್ಲಿ ಬಾಣ ಎಡಗೈಯ ಗೆಣ್ಣಿನ ಮೇಲಿಂದಲೇ ಹಾಯುತ್ತದೆ. ಮೊದಲ ವರ್ಷ ನಾನು ಕಟ್ಟಿದ ಒಂದು ಬಾಣದಲ್ಲಿ ದಂಟಿನ ಮುಂತುದಿ ದಾರದಿಂದ ಕೂದಲೆಳೆಯಷ್ಟು ಹೊರಗೆ ಇಣುಕಿತ್ತು. ಜೋಳ ಕೊಯ್ದ ಹೊಲದಲ್ಲಿ ಕಣಿಕೆಯ ಸಿವುಡುಗಳನ್ನು ಒತ್ತಾಗಿ ಕಟ್ಟಿ ಗುರಿ ಮಾಡಿದ್ದೆವು. ಬಾಣ ಸಿವುಡಿಗೆ ತಾಗಿತು, ನನ್ನ ಹೆಬ್ಬೆರಳಿನ ಬುಡದಲ್ಲಿ ಅರ್ಧ ಇಂಚಿನ ಗೆರೆ ಎದ್ದು ರಕ್ತ ಬಂತು. ಅಂದಿನಿಂದ ದಂಟಿನ ಮುಂತುದಿಯನ್ನು ಇಳಿಜಾರಾಗಿ ಕೆತ್ತಿ, ದಾರದಿಂದ ಪೂರ್ತಿ ಮುಚ್ಚಿ, ಉಗುರಿನಿಂದ ಮುಂದಿನಿಂದ ಹಿಂದಕ್ಕೆ ಗೀರಿ ನೋಡುತ್ತೇನೆ. ಉಗುರು ಎಲ್ಲಿಯಾದರೂ ಸಿಕ್ಕಿಕೊಂಡರೆ ಆ ಬಾಣವನ್ನು ಬಿಡುವುದಿಲ್ಲ.

ಪಾಲಿಶ್ ಒಣಗಿದ ಮೇಲೆ ಉಳಿಸಿಕೊಂಡ ಅಂಚನ್ನು ಕೊಯ್ದು ಮೂರೂ ಗರಿಗಳ ಎತ್ತರ ಸರಿಮಾಡಿ, 15 ಮೀಟರ್ ದೂರದಿಂದ, ಗುರಿಯ ಹಿಂದೆ ಯಾರೂ ಇಲ್ಲದ ಕಡೆ ಬಿಟ್ಟು ನೋಡಬೇಕು. ಬಿಡುವ ಹೊಡೆತಕ್ಕೆ ಮರದ ಕಡ್ಡಿ ಬಾಗಿ ಬಿಲ್ಲನ್ನು ಬಳಸಿ ಹೋಗುತ್ತದೆ, ಆಗ ಮೆತ್ತನೆಯ ಗರಿ ಬಿಲ್ಲಿಗೆ ತಾಗಿದರೂ ಮಡಿದು ಮತ್ತೆ ಎದ್ದು ನಿಲ್ಲುತ್ತದೆ. ಹತ್ತಾರು ಸಲ ಹೊಡೆದ ಮೇಲೆ ಎಸಳು ಮುದುಡಿ ಬಿದ್ದರೆ, ಕುದಿಯುವ ಚಹಾ ಪಾತ್ರೆಯ ಹಬೆಗೆ ಅರ್ಧ ನಿಮಿಷ ಹಿಡಿದು ಬೆರಳಿನಿಂದ ಸವರಿದರೆ ಮತ್ತೆ ಮೊದಲಿನಂತಾಗುತ್ತದೆ. ಮಳೆಗಾಲ ಬಂತೆಂದರೆ ಬಾಣಗಳನ್ನು ಗರಿ ಮೇಲಾಗಿ, ಒಂದಕ್ಕೊಂದು ತಾಗದಂತೆ ಪೆಟ್ಟಿಗೆಯಲ್ಲಿ ನಿಲ್ಲಿಸಿ, ನಡುವೆ ಒಣಗಿದ ಬೇವಿನ ಸೊಪ್ಪು ಹಾಕಿಡುತ್ತೇನೆ; ನುಸಿ ಹಿಡಿಯದಿರಲೆಂದು ತಿಂಗಳಿಗೊಮ್ಮೆ ಸೊಪ್ಪನ್ನು ಬದಲಾಯಿಸುತ್ತೇನೆ.