ಎಡಕ್ಕಲ್ ಗುಹೆಯ ಕೊರೆಚಿತ್ರಗಳನ್ನು ನೋಡುವ ಬಗೆ

ಕೇರಳದ ವಯನಾಡಿನಲ್ಲಿ, ಅಂಬಲವಯಲ್ ಊರಿನ ಸಮೀಪದ ಅಂಬುಕುತ್ತಿ ಬೆಟ್ಟದ ಮೇಲೆ ಸುಮಾರು 1,200 ಮೀಟರ್ ಎತ್ತರದಲ್ಲಿರುವ ಎಡಕ್ಕಲ್ ಹೆಸರಿಗಷ್ಟೇ ಗುಹೆ. ಬೆಟ್ಟದ ಬಂಡೆ ಸೀಳಿ ಉಂಟಾದ ಬಿರುಕಿನ ನಡುವೆ ಭಾರಿ ಕಲ್ಲೊಂದು ಸಿಕ್ಕಿಕೊಂಡು ಚಾವಣಿಯಾಗಿದೆ. ಅದರ ಕೆಳಗಿನ ಗೋಡೆಗಳ ಮೇಲೆ ನವಶಿಲಾಯುಗದವೆಂದು ವಿದ್ವಾಂಸರು ಹೇಳುವ ಕೊರೆಚಿತ್ರಗಳಿವೆ. ಮಲಬಾರಿನ ಪೊಲೀಸ್ ಅಧಿಕಾರಿಯಾಗಿದ್ದ ಫ್ರೆಡ್ ಫಾಸೆಟ್ 1890ರ ದಶಕದಲ್ಲಿ ಇವುಗಳನ್ನು ವಿದ್ವಾಂಸರ ಗಮನಕ್ಕೆ ತಂದರು.

ಮೈಸೂರಿನ ಕಡೆಯಿಂದ ಹೋಗುವವರಿಗೆ ಗುಂಡ್ಲುಪೇಟೆ, ಬಂಡೀಪುರ, ಮುತ್ತಂಗ ಮಾರ್ಗವಾಗಿ ಸುಲ್ತಾನ್ ಬತ್ತೇರಿ ತಲುಪುವುದು ಅನುಕೂಲ. ಆದರೆ ಬಂಡೀಪುರದ ಕಾಡಿನೊಳಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿರುವುದರಿಂದ, ಹಿಂದಿನ ದಿನವೇ ಬತ್ತೇರಿಯಲ್ಲೋ ಅಂಬಲವಯಲ್‌ನಲ್ಲೋ ತಂಗಿ, ಬಾಗಿಲು ತೆರೆಯುವ ಹೊತ್ತಿಗೆ ಬೆಟ್ಟದ ಬುಡದಲ್ಲಿರುವುದು ಒಳ್ಳೆಯದು. ಸೋಮವಾರ ಪ್ರವೇಶವಿರುವುದಿಲ್ಲ. ಮಳೆಗಾಲದಲ್ಲಿ ಬಂಡೆಗಳು ಜಾರುವುದರಿಂದ ನವೆಂಬರ್‌ನಿಂದ ಫೆಬ್ರವರಿವರೆಗಿನ ಕಾಲವನ್ನು ಆರಿಸಿಕೊಳ್ಳಿ.

ವಾಹನವನ್ನು ಕೆಳಗೇ ಬಿಟ್ಟು ಕಡಿದಾದ ರಸ್ತೆಯಲ್ಲಿ ನಡೆದು, ಅನಂತರ ಬಂಡೆಗಳ ನಡುವಿನ ಮೆಟ್ಟಿಲುಗಳನ್ನೂ ಕಬ್ಬಿಣದ ಏಣಿಮೆಟ್ಟಿಲುಗಳನ್ನೂ ಹತ್ತಬೇಕು. ಹಿಡಿತವಿರುವ ಶೂ ಮತ್ತು ನೀರು ಜೊತೆಗಿರಲಿ, ಕೈಗಳೆರಡೂ ಖಾಲಿಯಿರಲಿ. ಮೊಣಕಾಲು ನೋವಿರುವವರಿಗೆ ಇಳಿಯುವುದು ಹತ್ತುವುದಕ್ಕಿಂತ ಕಷ್ಟವಾಗಬಹುದು.

ಮೊದಲು ಸಿಗುವುದು ಚಿಕ್ಕದಾದ ಕೆಳಗಿನ ಕೋಣೆ. ಚಿತ್ರಗಳಿರುವುದು ಅದಕ್ಕೂ ಮೇಲಿನ ದೊಡ್ಡ ಕೋಣೆಯಲ್ಲಿ. ಒಳಗೆ ಕಾಲಿಟ್ಟೊಡನೆ ಕಣ್ಣಿಗೆ ಬೀಳುವುದು ಬರಿಯ ಗೀರುಗಳ ಗೋಜಲು. ಬಹಳಷ್ಟು ಜನ ಇಲ್ಲಿಯೇ ಒಂದು ಫೋಟೊ ತೆಗೆದುಕೊಂಡು ಹಿಂದಿರುಗುತ್ತಾರೆ, ಅದು ನಿಜಕ್ಕೂ ನಷ್ಟ. ಕಣ್ಣು ಮಬ್ಬಿಗೆ ಹೊಂದಿಕೊಳ್ಳುವವರೆಗೆ ಗೋಡೆಯಿಂದ ತುಸು ದೂರ ನಿಂತು, ಮೇಲಿನ ಸಂದಿನಿಂದ ಇಳಿಯುವ ಬೆಳಕು ಗೀರುಗಳ ಅಂಚಿನಲ್ಲಿ ನೆರಳು ಮೂಡಿಸುವುದನ್ನು ಗಮನಿಸಿ. ಒಂದು ಗೆರೆಯನ್ನು ಹಿಡಿದು ನಿಧಾನವಾಗಿ ಕಣ್ಣಾಡಿಸಿದರೆ ಮೊದಲು ಒಂದು ತಲೆ ಬೇರ್ಪಡುತ್ತದೆ: ಅದರ ಮೇಲೆ ನೆಟ್ಟಗೆ ನಿಂತ ಕೂದಲೋ ಶಿರೋಭೂಷಣವೋ ಎಂದು ಹೇಳಲಾಗದ ಗೆರೆಗಳು, ಕೆಳಗೆ ಮನುಷ್ಯನ ಮೈ. ಆಮೇಲೆ ಪ್ರಾಣಿಗಳೂ ಚಕ್ರದಂತಹ ಗುರುತುಗಳೂ ಒಂದೊಂದಾಗಿ ತೋರತೊಡಗುತ್ತವೆ. ಬಹಳ ಕಾಲದ ನಂತರ ಬಂದವರು ಕೆತ್ತಿದ ತಮಿಳು-ಬ್ರಾಹ್ಮಿ ಅಕ್ಷರಗಳೂ ಇಲ್ಲಿರುವುದರಿಂದ, ಕಾಣುವುದೆಲ್ಲವೂ ಒಂದೇ ಕಾಲದ್ದೆಂದು ಭಾವಿಸಬಾರದು.

ಗೋಡೆಯನ್ನು ಮುಟ್ಟಬೇಡಿ, ಚಿತ್ರ ಸ್ಪಷ್ಟವಾಗಲೆಂದು ನೀರು ಚಿಮುಕಿಸುವುದಾಗಲಿ ಸೀಮೆಸುಣ್ಣದಿಂದ ತಿದ್ದುವುದಾಗಲಿ ಖಂಡಿತ ಬೇಡ. ಸಾವಿರಾರು ವರ್ಷ ಉಳಿದ ಗೆರೆಯ ಅಂಚು ನಮ್ಮ ಬೆರಳುಗಳಿಂದ ಸವೆಯುವಂತಾಗಬಾರದು. ಮಕ್ಕಳಿಗೆ ಇದನ್ನು ಬೆಟ್ಟ ಹತ್ತುವ ಮೊದಲೇ ತಿಳಿಸಿ.

ಹಿಂದಿರುಗುವಾಗ ಅಂಬಲವಯಲ್‌ನ ವಯನಾಡ್ ಹೆರಿಟೇಜ್ ಮ್ಯೂಸಿಯಂಗೆ ಹೋಗಿ ಬನ್ನಿ. ಈ ಸೀಮೆಯ ವೀರಗಲ್ಲುಗಳೂ ಶಿಲ್ಪಗಳೂ ಅಲ್ಲಿವೆ.